ಅಳತೆಯ ಗೋಡೆ

ಮೊದಲ ಉಗಿ ಬುಸ್ಸೆಂದು ಹೊರಬಿದ್ದಾಗ ಅವನಿಗೆ ನಗು ಬಂದುಬಿಟ್ಟಿತು. ಐವತ್ತು ದಾಟಿದ ಗಂಡಸು ಬೆಳಗಿನ ಒಂಬತ್ತು ಗಂಟೆಗೆ ಬನಿಯನ್ನಿನಲ್ಲಿ ಸ್ನಾನದ ಮನೆಯ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಒಬ್ಬನೇ ನಗುವುದು ನೋಡುವವರ ಕಣ್ಣಿಗೆ ಚೆನ್ನಾಗಿ ಕಾಣುವ ವಿಷಯವಲ್ಲ. ಆದರೆ ನೋಡುವವರು ಯಾರೂ ಇರಲಿಲ್ಲ, ಹತ್ತೊಂಬತ್ತು ದಿನಗಳಿಂದ ಇರಲಿಲ್ಲ. ಕೈಯಲ್ಲಿ ಕೆಟಲಿಗಿಂತ ತುಸು ದಪ್ಪನೆಯ ಹಳದಿ ಯಂತ್ರ. ಅದರ ಹೊಟ್ಟೆಗೆ ಒಂದು ಪುಟ್ಟ ಲೋಟ ನೀರು ಹುಯ್ದು, ಮುಚ್ಚಳ ಬಿಗಿ ಮಾಡಿ, ವೈರು ಸಿಕ್ಕಿಸಿ ನಾಲ್ಕು ನಿಮಿಷ ಕಾಯಬೇಕು. ಆಮೇಲೆ ಗುಂಡಿ ಒತ್ತಿದರೆ ಮೂತಿಯಿಂದ ಉಗಿ ನುಗ್ಗುತ್ತದೆ. ನಲ್ಲಿಯ ಬುಡಕ್ಕೆ ಹಿಡಿದ. ಅಲ್ಲಿ ಒಂದು ಕಂದು ಕಟ್ಟು ಇತ್ತು, ಅದು ನಲ್ಲಿಯ ಜೊತೆಗೇ ಬಂದದ್ದೆಂದು ಅವನು ಇಷ್ಟು ವರ್ಷ ತಿಳಿದಿದ್ದ. ಅದು ಈಗ ಮೆತ್ತಗಾಗಿ, ಗಸಿಯಾಗಿ, ಹರಿದು ಹೋಗಿ ಅದರಡಿಯಿಂದ ಹೊಳೆಯುವ ಉಂಗುರ ಕಾಣಿಸಿತು. "ಅಯ್ಯೋ, ನೀನು ಇಷ್ಟು ಚೆನ್ನಾಗಿದ್ದೀಯೇನೋ!" ಎಂದು ನಲ್ಲಿಗೇ ಹೇಳಿದ. ಅಂಗಡಿಯಲ್ಲಿ ಟೈ ಕಟ್ಟಿದ ಮಾರಾಟದವನು ಕರಿಹಿಡಿದ ಟೈಲ್ಸ್ ಹಂಚೊಂದರ ಅರ್ಧವನ್ನಷ್ಟೇ ಉಗಿಯಿಂದ ತೊಳೆದು, ಉಳಿದರ್ಧವನ್ನು ಹಾಗೇ ಬಿಟ್ಟು ಎತ್ತಿ ತೋರಿಸಿದ್ದನ್ನು ಅವನು ನಿಂತಲ್ಲೇ ಮೂರು ಸಲ ನೋಡಿದ್ದ. ಮೂರನೆಯ ಸಲ ಮಾರಾಟದವನೇ ಬೇಸತ್ತು, "ಸಾರ್, ಕೊಂಡ್ಕೊಂಡು ಹೋಗಿ ಮನೇಲಿ ನೋಡಿ" ಅಂದಿದ್ದ. ಅದೂ ಅವಮಾನವೇ. ಆದರೆ ಆ ಹೊತ್ತಿಗೆ ಅವನ ತಲೆಯಲ್ಲಿ ಇಡೀ ಮನೆ ಆ ಹಂಚಿನಂತೆ ಎರಡಾಗಿ, ಒಂದು ಪಾಲು ಬೆಳ್ಳಗಾಗಿ ಹೋಗಿತ್ತು.

ನಾಲ್ಕು ಗಂಟೆಗೆ ಹೆಂಡತಿ ಬರುವವಳಿದ್ದಳು. ನಿನ್ನೆ ತನ್ನ ಅಕ್ಕನ ಮನೆಯಿಂದ ಫೋನು ಮಾಡಿ ಹೇಳಿದ್ದು ಮೂರೇ ಮಾತು. "ನಾಳೆ ನಾಲ್ಕಕ್ಕೆ ಬರ್ತೀನಿ. ಗೋಡೆ ಮೇಲಿನ ಅಳತೆ ಎಲ್ಲಾ ನೋಟ್‌ಬುಕ್ಕಿಗೆ ಬರ್ಕೋಬೇಕು. ನಾಡಿದ್ದು ಗಾಡಿ ಬಂದು ಮಿಷನ್ ತಗೊಂಡು ಹೋಗುತ್ತೆ." ಮಿಷನ್ ಯಾಕೆ ಎಂದು ಅವನು ಕೇಳಿದ, ಗೊತ್ತಿದ್ದೂ. "ಕೆಲಸ ಎಲ್ಲೋ ಮಿಷನ್ ಅಲ್ಲಿರಬೇಕಲ್ಲ" ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ರಾತ್ರಿ ನಿದ್ದೆ ಬರುತ್ತಿತ್ತು. ಹೊಲಿಗೆಯವಳಿಗೆ ಮಿಷನ್ ಹೋದ ಕಡೆಯೇ ಮನೆ. ಅದು ಹೊರಗೆ ಹೋಯಿತೆಂದರೆ ಅವಳು ಹೋದಳು ಎಂದೇ ಅರ್ಥ. ಅದನ್ನು ತಡೆಯಲು ಅವನಿಗೆ ಒಂದು ಮಾತೂ ಹೊಳೆದಿರಲಿಲ್ಲ, ಹೊಳೆದದ್ದು ಈ ಯಂತ್ರ. ಬಾಗಿಲು ತೆಗೆದ ಕೂಡಲೇ ಅವಳು ಮೂಗಿನ ಮೇಲೆ ಬೆರಳಿಡಬೇಕು! ಕಿಟಕಿಯ ಹಳಿ, ಒಲೆಯ ತಿರುಪು, ಫ್ರಿಜ್ಜಿನ ಬಾಗಿಲ ರಬ್ಬರಿನ ಮಡಿಕೆ, ಮೇಜಿನ ಕಾಲಿನ ಕೆಳಗಿನ ಬಿರಡೆ ಕೂಡ ಬಿಡಬಾರದು.

ಹತ್ತೂವರೆಗೆಲ್ಲ ಅವನಿಗೆ ಮೈಮೇಲೆ ಬಂದಂತಾಗಿತ್ತು. ಒಲೆಯ ತಿರುಪಿನ ಸುತ್ತಲಿನ ಜಿಡ್ಡು ಉಗಿ ತಾಕಿದೊಡನೆ ಕಣ್ಣೀರಿನಂತೆ ಇಳಿಯಿತು. ಕಿಟಕಿಯ ಹಳಿಯಿಂದ ಒಂದು ಗುಂಡುಪಿನ್ನು, ಸತ್ತ ನೊಣ, ನೀಲಿ ದಾರದ ತುಂಡು ಹೊರಬಂದವು. ದಾರದ ತುಂಡನ್ನು ಬಿಸಾಡಲು ಮನಸ್ಸು ಬಾರದೆ ಬನಿಯನ್ನಿಗೆ ಅಂಟಿಸಿಕೊಂಡ. ಪ್ರೆಸ್ಸಿನಲ್ಲಿ ಅವನಿಗೆ ಚುಕ್ಕಿರಾಯ ಎಂದು ಅಡ್ಡಹೆಸರು. ಇಪ್ಪತ್ತಾರು ವರ್ಷದಿಂದ ಅವನು ಅಚ್ಚಿಗೆ ಹೋಗುವ ಪುಟಗಳ ತಪ್ಪು ಹುಡುಕುವವನು. ಅದರಲ್ಲೂ ಬಸ್ಸಿನ ವೇಳಾಪಟ್ಟಿ, ಪರೀಕ್ಷೆಯ ಫಲಿತಾಂಶ, ಬಡ್ಡಿಯ ಕೋಷ್ಟಕ, ಹೀಗೆ ಬರೀ ಅಂಕಿಯ ಪುಟ ಬಂದರೆ ಅವನ ಮೇಜಿಗೇ ಬರಬೇಕು. ಆದರೆ ಕಾಗದದ ಮೇಲೆ ತಪ್ಪಿಗೆ ಸುತ್ತು ಹಾಕಿದರೆ ತಪ್ಪು ಅಲ್ಲೇ ಇರುತ್ತದೆ, ಅದನ್ನು ತೆಗೆಯುವವನು ಇನ್ನೊಬ್ಬ. ಇಲ್ಲಿ ಹಾಗಲ್ಲ, ಕಂಡದ್ದೇ ತಡ ಮಾಯ! ಇಂಥ ಸುಖವೊಂದು ಲೋಕದಲ್ಲಿದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಯಂತ್ರದಲ್ಲಿ ನೀರು ಮುಗಿದರೆ ಮಾತ್ರ ಸಂಕಟ. ಬಿಸಿಯಿರುವಾಗ ಮುಚ್ಚಳ ತೆಗೆಯಬಾರದು, ಮುಖಕ್ಕೆ ಸಿಡಿಯುತ್ತದೆ, ತಣಿಯುವವರೆಗೆ ಕೈಕಟ್ಟಿ ಕೂರಬೇಕು. ಕೈ ಕಟ್ಟಿದೊಡನೆ ಅದು ಬಂದು ಎದುರಿಗೆ ಕೂರುತ್ತಿತ್ತು. ಅದು ಎಂದರೆ ಅವನಾಡಿದ ಆ ಮಾತು.

ಪ್ರೆಸ್ಸಿನ ಯಜಮಾನರು ಅವತ್ತು ಮನೆಗೆ ಬರಬೇಕಾದ ಅಗತ್ಯವೇ ಇರಲಿಲ್ಲ. ಯಾವುದೋ ಅವಸರದ ಪುಟ ತೋರಿಸಲು ಬಂದವರು ಕೂತರು, ಕೂತವರು ಒಳಗೆ ಇಣುಕಿದರು. ಹೊಲಿಗೆಯ ಕೋಣೆ ಹಿಂದೆ ಯಾರದೋ ಅಡುಗೆಮನೆಯಾಗಿತ್ತು, ಗೋಡೆಗೆ ತಲೆಗೂ ಮೇಲಿನವರೆಗೆ ಬಿಳಿ ಟೈಲ್ಸಿನ ಹಂಚು. ಆ ಹಂಚಿನ ಮೇಲೆ ಅವಳು ಮೇಣದ ಬಳಪದಲ್ಲಿ ಗಿರಾಕಿಗಳ ಅಳತೆ ಬರೆಯುತ್ತಿದ್ದಳು. ಚೀಟಿ ಕಳೆದುಹೋಗುತ್ತದೆ, ನೋಟ್‌ಬುಕ್ಕು ಬಟ್ಟೆಯಡಿಗೆ ಸೇರಿ ಸಿಗುವುದಿಲ್ಲ, ಗೋಡೆಯಾದರೆ ಮಿಷನ್ ತುಳಿಯುತ್ತ ತಲೆ ಎತ್ತಿದರೆ ಸಾಕು. "ಇದೇನಯ್ಯಾ ಗೋಡೆ ತುಂಬಾ?" ಎಂದರು ಯಜಮಾನರು. ಅವರನ್ನು ನಗಿಸುವ ಭಾಗ್ಯ ಚುಕ್ಕಿರಾಯನಿಗೆ ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. "ಮಕ್ಕಳಿಲ್ಲದ ಮನೆ ನೋಡಿ ಸಾರ್, ಗೋಡೆ ಗೀಚೋ ಕೆಲಸಾನೂ ಇವಳೇ ವಹಿಸ್ಕೊಂಡಿದ್ದಾಳೆ" ಎಂದುಬಿಟ್ಟ. ಯಜಮಾನರು ಹೊಟ್ಟೆ ಹಿಡಿದು ನಕ್ಕರು. ಅವನೂ ನಕ್ಕ, ಸ್ವಲ್ಪ ಜಾಸ್ತಿಯೇ ನಕ್ಕ. ಅವಳು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಟ್ಟೆ ಅಲುಗಲಿಲ್ಲ, ಕಾಫಿ ಚೆಲ್ಲಲಿಲ್ಲ. ಎರಡು ಲೋಟವನ್ನೂ ಸದ್ದಾಗದಂತೆ ಮೇಜಿನ ಮೇಲಿಟ್ಟು, ಯಜಮಾನರಿಗೆ ಸಕ್ಕರೆ ಸಾಕೇ ಎಂದು ಕೇಳಿ, ಒಳಗೆ ಹೋಗಿ ಮಿಷನ್ ತುಳಿಯತೊಡಗಿದಳು. ಮಾರನೆಯ ಬೆಳಗ್ಗೆ ಅಕ್ಕನ ಮನೆಗೆ ಹೊರಟಳು. ನಾಲಿಗೆ ಜಾರಿತು ಎಂದು ಅವನು ಆಮೇಲೆ ತನಗೇ ಹೇಳಿಕೊಂಡ. ಜಾರಿರಲಿಲ್ಲ. ಆ ಮಾತು ಬಾಯಿಗೆ ಬರುವ ಮುಂಚೆ ಅದನ್ನು ಮನಸ್ಸಿನಲ್ಲೇ ಒಮ್ಮೆ ಓದಿ, ನಗು ಬರುತ್ತದೆಂದು ಖಾತ್ರಿ ಮಾಡಿಕೊಂಡೇ ಆಡಿದ್ದ.

ಯಂತ್ರ ತಣಿದಿತ್ತು, ನೀರು ತುಂಬಿದ, ಮತ್ತೆ ಶುರು! ಬಚ್ಚಲ ಬಾಗಿಲ ಕೀಲು, ನೀರಿನ ಫಿಲ್ಟರಿನ ಬಾಯಿ, ಅವಳ ಬಾಚಣಿಗೆ. ಬಾಚಣಿಗೆಯ ಹಲ್ಲುಗಳ ನಡುವಿನಿಂದ ಕೂದಲೆಣ್ಣೆಯ ಕಪ್ಪು ಹೊರಬಂದಾಗ ಅವನು ತಟಕ್ಕನೆ ನಿಂತ. ಅಲ್ಲ, ಇಷ್ಟೊಂದು ಥಳಥಳಿಸುವ ಮನೆಗೆ ಬಂದವಳಿಗೆ ಏನನ್ನಿಸೀತು? ನೀನಿದ್ದಾಗ ಎಷ್ಟು ಕೊಳೆಯಿತ್ತು ನೋಡು ಎಂದು ಹೇಳಿದಂತಾಗಲಿಲ್ಲವೇ? ಅವಳು ಇಲ್ಲದ ಹತ್ತೊಂಬತ್ತು ದಿನದಲ್ಲಿ ಮನೆ ಹೊಳೆಯಿತು ಎಂದಾಗಲಿಲ್ಲವೇ? ಸ್ವಲ್ಪ ಕೊಳೆ ಮತ್ತೆ ಹಚ್ಚಿಡಲೇ ಎಂದೂ ಯೋಚಿಸಿದ, ಯೋಚಿಸಿ ತನ್ನ ಪೆದ್ದುತನಕ್ಕೆ ತಾನೇ ಹಲ್ಲು ಕಿರಿದ. ಅಂಜಿಕೆ ಬಂದಷ್ಟೇ ಬೇಗ ಉಗಿಯ ಸದ್ದಿನಲ್ಲಿ ಹಾರಿಹೋಯಿತು, ಉತ್ಸಾಹ ಅವನನ್ನು ಕುತ್ತಿಗೆ ಹಿಡಿದು ಕೋಣೆಯಿಂದ ಕೋಣೆಗೆ ಎಳೆದುಕೊಂಡು ಹೋಗುತ್ತಿತ್ತು, ಒಂದು ಗಂಟೆಯ ಹೊತ್ತಿಗೆ ಹೊಲಿಗೆಯ ಕೋಣೆಯೊಂದೇ ಬಾಕಿ.

ಅಳತೆಯ ತಂಟೆಗೆ ಹೋಗಬಾರದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗಿನ ಎರಡು ಸಾಲು ಹಂಚಿನಲ್ಲಿ ಬರಹವಿರಲಿಲ್ಲ, ಮಿಷನ್ನಿನ ಎಣ್ಣೆ ಸಿಡಿದ ಕಲೆಯಿತ್ತು. ಅದಿಷ್ಟನ್ನೇ ತೆಗೆಯುವುದೆಂದು ನೆಲಕ್ಕೆ ಕೂತ. ಕಲೆ ಹೋಯಿತು. ಆದರೆ ಉಗಿ ಮೇಲಕ್ಕೇರುತ್ತದೆ ಎಂಬ ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ ಆ ಕ್ಷಣ ಅವನಿಗೆ ಮರೆತುಹೋಗಿತ್ತು. ತಲೆ ಎತ್ತಿದರೆ ಕೆಳಗಿನ ಸಾಲಿನ ಅಳತೆಗಳು ಬೆವರಿ, ಮೆತ್ತಗಾಗಿ, ಕೆಂಪು ಗೆರೆಗಳಾಗಿ ಇಳಿಯುತ್ತಿದ್ದವು. ಇಳಿಯುತ್ತಿದ್ದದ್ದನ್ನು ತಡೆಯಲೆಂದು ಬಟ್ಟೆ ಒತ್ತಿದ. ಸಾಲು ಅರ್ಧ ಕಲಸಿಹೋಯಿತು. ಅರ್ಧ ಕೆಟ್ಟ ಸಾಲನ್ನು ಅವನು ಸಹಿಸಲಾರ. ಪ್ರೆಸ್ಸಿನ ಮೊದಲ ಪಾಠವೇ ಅದು, ಅಂಕಿಯ ಸಾಲು ಅರ್ಧ ಕೆಟ್ಟಿದ್ದರೆ ಪೂರ್ತಿ ತೆಗೆದುಬಿಡು, ಅರ್ಧ ಸರಿಯಾದ ಅಂಕಿ ಪೂರ್ತಿ ತಪ್ಪಿಗಿಂತ ಅಪಾಯ. ಆ ಸಾಲನ್ನು ಪೂರ್ತಿ ಒರೆಸಿದ. ಒರೆಸಿದ ಜಾಗ ಹಾಲಿನಷ್ಟು ಬೆಳ್ಳಗೆ ಹೊಳೆಯಿತು. ಅದರ ಮೇಲಿನ ಸಾಲು ಈಗ ಕೊಳಕಾಗಿ ಕಂಡಿತು. ಅದಕ್ಕೂ ಉಗಿ ಹಿಡಿದ. ಆಮೇಲೆ ಅದರ ಮೇಲಿನದಕ್ಕೆ. ಎಂಟು ನಿಮಿಷ, ಒಂದು ಹೊಟ್ಟೆ ನೀರು ಮುಗಿಯುವವರೆಗೆ, ಅವನ ಕೈ ನಿಲ್ಲಲಿಲ್ಲ. ಹನ್ನೊಂದು ವರ್ಷದ ಬರಹ ಒಂದು ಹಳೆಯ ಟವೆಲಿನಲ್ಲಿ ಕೆಂಪು ನೀಲಿ ಮುದ್ದೆಯಾಗಿತ್ತು, ಗೋಡೆ ಆಸ್ಪತ್ರೆಯ ಗೋಡೆಯಾಗಿತ್ತು.

ಯಂತ್ರ ಉಸ್ಸೆಂದು ಸುಮ್ಮನಾದ ಮೇಲೆ ಕೋಣೆಯಲ್ಲಿ ಎಲ್ಲಿಲ್ಲದ ಮೌನ. ಅವಳು ಬರುವುದೇ ಇದನ್ನು ಬರೆದುಕೊಳ್ಳಲು. ಇದಿಲ್ಲದೆ ಅವಳು ಅಕ್ಕನ ಮನೆಯಲ್ಲಿ ಕೂತು ಯಾರ ಬಟ್ಟೆಯನ್ನೂ ಕತ್ತರಿಸುವಂತಿಲ್ಲ, ಅರವತ್ತು ಗಿರಾಕಿಗಳನ್ನು ಮತ್ತೆ ಕರೆಸಿ ನಿಲ್ಲಿಸಬೇಕು, ಅದಾಗುವ ಮಾತೇ? ಆಗದಿದ್ದರೆ? ಆಗದಿದ್ದರೆ ಮಿಷನ್ ಹೋಗುವುದಿಲ್ಲ. ಈ ಯೋಚನೆ ಬಂದಾಗ ಅವನ ಎದೆಯಲ್ಲಿ ಏನೋ ಕುಪ್ಪಳಿಸಿತು, ಹೌದು, ಸಂತೋಷವೇ, ನಾಚಿಕೆಗೆಟ್ಟ ಸಂತೋಷ. ಅದರ ಹಿಂದೆಯೇ ಒಂದು ಪ್ರಶ್ನೆ. ಮೊದಲ ಸಾಲು ತಿಳಿಯದೆ ಹೋಯಿತು, ಸರಿ. ಎರಡನೆಯದು? ಐದನೆಯದು? ಕೈಗೆ ಗೊತ್ತಿತ್ತೇ? ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ. ಉಗಿಗೆ ಬೆರಳ ತುದಿ ಸುಕ್ಕಾಗಿ ಬೆಳ್ಳಗಾಗಿತ್ತು. ಮಾತಿನಿಂದ ಒಮ್ಮೆ ಅಳಿಸಿದ್ದು ಸಾಲದೆ ಬಟ್ಟೆಯಿಂದ ಇನ್ನೊಮ್ಮೆ ಅಳಿಸಿದೆಯಲ್ಲೋ ಎಂದು ಅದಕ್ಕೆ ಹೇಳಿದ.

ಆಗಲೇ ಬಾಗಿಲು ಬಡಿದದ್ದು. ಕೆಳಗಿನ ಮನೆಯ ನರ್ಸಮ್ಮ, ನಿವೃತ್ತಿಯಾದರೂ ಬಡಿಯುವುದು ವಾರ್ಡಿನ ಬಾಗಿಲು ಬಡಿದ ಹಾಗೆಯೇ.

"ಏನಪ್ಪಾ ಅದು, ಬೆಳಗ್ಗೆಯಿಂದ ಬುಸ್ ಬುಸ್ ಅಂತ? ಹಾವು ಗೀವು ಹೊಕ್ಕಿದೆಯಾ?"

"ಇಲ್ಲಮ್ಮಾ, ಮನೆ ತೊಳೀತಿದ್ದೆ. ಉಗೀಲಿ."

"ಉಗೀಲಾ! ಬೆವರು ನೋಡು, ನಿನ್ನನ್ನೇ ಬೇಯಿಸಿದ ಹಾಗಿದೆ. ನಿನ್ನ ಹೆಂಡತಿ ಯಾವಾಗ ಬರ್ತಾಳೆ? ನನ್ನ ಕೋಟು ಅವಳ ಹತ್ರಾನೇ ಇದೆ."

ಬಾಗಿಲ ಚೌಕಟ್ಟಿನಲ್ಲಿ ನಿಂತ ಆ ಅಗಲ ಹೆಂಗಸನ್ನು ನೋಡುತ್ತಿದ್ದಂತೆ ಅವನ ಕಣ್ಣೊಳಗೆ ಎಡಗಡೆಯಿಂದ ಮೂರನೆಯ ಹಂಚು, ಮೇಲಿನಿಂದ ಎರಡನೆಯದು, ನೀಲಿ ಬಳಪ, ತಾನಾಗಿ ಮೂಡಿತು. ಕೆಳಗಿನ ನರ್ಸಮ್ಮ, ಎದೆ ನಲವತ್ತೆರಡು, ಸೊಂಟ ಮೂವತ್ತೆಂಟು ಹೊಡೆದುಹಾಕಿ ಮೂವತ್ತೊಂಬತ್ತೂವರೆ, ಭುಜ ಹದಿನೈದೂವರೆ. "ಮೂವತ್ತೊಂಬತ್ತೂವರೆ!" ಎಂದು ಕೂಗಿಯೇಬಿಟ್ಟ.

"ಏನು?" ಎಂದಳು ನರ್ಸಮ್ಮ, ಕೈ ತಂತಾನೇ ಹೊಟ್ಟೆಯ ಮೇಲೆ ಹೋಯಿತು.

"ಏನಿಲ್ಲ, ಏನಿಲ್ಲಮ್ಮಾ, ನಾಲ್ಕಕ್ಕೆ ಬರ್ತಾಳೆ!" ಎಂದು ಅವಳ ಮುಖದ ಮೇಲೇ ಬಾಗಿಲು ಹಾಕಿ ಓಡಿದ.

ಹನ್ನೊಂದು ವರ್ಷ ದಿನಾ ಬೆಳಗ್ಗೆ ಕಾಫಿಯ ಲೋಟ ಹಿಡಿದು ಅವನು ಕೂರುತ್ತಿದ್ದದ್ದು ಆ ಗೋಡೆಯ ಎದುರಿಗೇ. ಕಣ್ಣು ಸುಮ್ಮನಿರುವ ಜಾತಿಯದಲ್ಲ. ಓದಿತ್ತು, ತಾಳೆ ನೋಡಿತ್ತು, ಅವನ ಅಪ್ಪಣೆ ಕೇಳದೆ ಎಲ್ಲವನ್ನೂ ಒಳಗೆ ಪೇರಿಸಿಟ್ಟಿತ್ತು. ಬಳಪ ಹುಡುಕಿ ತೆಗೆದ. ನರ್ಸಮ್ಮ ಬಂದಳು, ಅವಳ ಪಕ್ಕ ಬೇಕರಿಯವಳು, ಸೊಂಟ ಮೂವತ್ತು, ಅದನ್ನು ಹೊಡೆದು ಮೂವತ್ತೆರಡು, ಅದನ್ನೂ ಹೊಡೆದು ಮೂವತ್ತೈದು. ಲೈಬ್ರರಿ ಮೇಡಂ, ಎಡತೋಳು ಅರ್ಧ ಇಂಚು ಉದ್ದ. ಜಗಳಗಂಟಿ. ಎರಡನೇ ಜಗಳಗಂಟಿ. ತುತ್ತೂರಿ ಊದುವವನು, ಎದೆ ಎರಡು ಸಲ ಬರೆದದ್ದು, ಉಸಿರು ಒಳಗಿದ್ದಾಗ ಒಂದು, ಹೊರಗಿದ್ದಾಗ ಒಂದು. ಒಂದು ಹೆಸರು ಇನ್ನೊಂದನ್ನು ಕೈಹಿಡಿದು ಎಳೆದು ತರುತ್ತಿತ್ತು, ಅವನು ಮಿಷನ್ನಿನ ಸ್ಟೂಲಿನ ಮೇಲೆ ಹತ್ತಿ ಇಳಿದು, ಕುಣಿಯುತ್ತ, ಬಾಯಿಬಿಟ್ಟು ಓದುತ್ತ, ನಡುನಡುವೆ ಕೇಕೆ ಹಾಕುತ್ತ ಬರೆದ. ಅರೆ, ಇಡೀ ಬೀದಿಯ ಹೆಂಗಸರ ಮೈ ನನ್ನ ತಲೆಯಲ್ಲಿದೆಯಲ್ಲಾ ಎಂದು ಒಮ್ಮೆ ಕಿವಿ ಬಿಸಿಯಾಯಿತು, ಇನ್ನು ಮೇಲೆ ಬೇಕರಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು! ಬರೆಯುತ್ತ ಬರೆಯುತ್ತ ಅವನಿಗೆ ಓದಿಯೂ ಕಾಣದಿದ್ದದ್ದು ಕಾಣತೊಡಗಿತು. ಕೆಲವು ಅಳತೆಗಳ ಪಕ್ಕದಲ್ಲಿ ಅವಳು ಚಿಕ್ಕದಾಗಿ ಬರೆದಿದ್ದಳು. 'ಬಲಭುಜ ಇಳಿದಿದೆ, ಒಳಗೆ ಪದರ ಕೊಡು, ಹೇಳಬಾರದು.' 'ಬೆನ್ನು ಗೂನು, ಹೇಳಬಾರದು.' ಮೇಲಿನ ಮನೆಯ ಹುಡುಗಿಯೊಬ್ಬಳದು ಒಂದೇ ವರ್ಷದಲ್ಲಿ ಮೂವತ್ತಾರು, ಮೂವತ್ತಮೂರು, ಇಪ್ಪತ್ತೊಂಬತ್ತು. ಪಕ್ಕದಲ್ಲಿ 'ಸಡಿಲ ಕಾಣದ ಹಾಗೆ ಹೊಲಿ, ಏನೂ ಕೇಳಬಾರದು.' ಅವನ ಕೈ ನಿಂತಿತು. ಜನರ ಮೈಯ ಗುಟ್ಟೆಲ್ಲ ತಿಳಿದವಳು ಹನ್ನೊಂದು ವರ್ಷ ಹೇಳಬಾರದು ಹೇಳಬಾರದು ಎಂದು ಗೋಡೆಗೆ ಬರೆದಿಟ್ಟುಕೊಂಡು ಬಾಯಿ ಮುಚ್ಚಿಕೊಂಡಿದ್ದಳು. ಅವಳದು ಅಂತ ಇದ್ದ ಒಂದೇ ನೋವನ್ನು ಅವನು ಯಜಮಾನರ ನಗುವಿಗೆ ಬಿಟ್ಟುಕೊಟ್ಟಿದ್ದ. ಸ್ಟೂಲಿನ ಮೇಲೆ ನಿಂತೇ ಅವನು ಅತ್ತ, ಸ್ವಲ್ಪ ಹೊತ್ತು, ಬಳಪ ಕೆಳಗಿಡದೆ.

ಮೂರು ಮುಕ್ಕಾಲಿಗೆ ಐವತ್ತೇಳು ಹೆಸರು ಕೂತಿದ್ದವು. ಮೂರು ಸಾಲು ಬರಲಿಲ್ಲ. ಎಷ್ಟು ಕಣ್ಣು ಮುಚ್ಚಿದರೂ ಹೆಸರು ಕಾಣುತ್ತಿತ್ತು, ಅಂಕಿ ಮಂಜು. ಅಂದಾಜಿನಲ್ಲಿ ತುಂಬಬಹುದಿತ್ತು. ಪ್ರೆಸ್ಸಿಗೆ ಸೇರಿದ ಹೊಸತರಲ್ಲಿ ಒಮ್ಮೆ ಮಸಿ ಹರಡಿದ್ದ ಆರು ಹತ್ತರ ಬಸ್ಸನ್ನು ಆರು ನಲವತ್ತು ಎಂದು ಅಂದಾಜು ಮಾಡಿ ಅಚ್ಚಿಗೆ ಬಿಟ್ಟಿದ್ದ. ಕೆಲಸದ ಸಂದರ್ಶನ ತಪ್ಪಿಸಿಕೊಂಡ ಒಬ್ಬಳು ಪ್ರೆಸ್ಸಿನವರೆಗೆ ಹುಡುಕಿಕೊಂಡು ಬಂದು, ಏನೂ ಬಯ್ಯದೆ, ಅವನ ಮುಖವನ್ನೇ ಅಷ್ಟು ಹೊತ್ತು ನೋಡಿ ಹೋಗಿದ್ದಳು. ಮೂರು ಹೆಸರಿನ ಮುಂದೂ ಜಾಗ ಖಾಲಿ ಬಿಟ್ಟ. ಬಳಪ ಕೆಳಗಿಟ್ಟಾಗ ತಾನು ಏನು ಮಾಡಿದೆ ಎಂಬುದು ಅವನಿಗೆ ಸರಿಯಾಗಿ ಹೊಳೆಯಿತು. ಅವಳು ಹೋಗಲು ಬೇಕಾದದ್ದನ್ನೆಲ್ಲ ತನ್ನ ಕೈಯಾರೆ ಸಿದ್ಧ ಮಾಡಿಕೊಟ್ಟಿದ್ದ. ಆದರೂ ವಿಚಿತ್ರವೆಂದರೆ ಆ ಉತ್ಸಾಹ ಇನ್ನೂ ಇಳಿದಿರಲಿಲ್ಲ, ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು.

ಅವಳು ಬಂದಾಗ ನಾಲ್ಕಕ್ಕೆ ಐದು ನಿಮಿಷ. ಭುಜಕ್ಕೆ ಚೀಲ, ಕೈಯಲ್ಲಿ ಹೊಸ ನೋಟ್‌ಬುಕ್ಕು. ಹೊಳೆಯುವ ಒಲೆಯನ್ನು ನೋಡಿದಳು, ಕಿಟಕಿ ನೋಡಿದಳು, ಒದ್ದೆ ಬನಿಯನ್ನಿನ ಮೇಲೆ ನೀಲಿ ದಾರ ಅಂಟಿಸಿಕೊಂಡು ನಿಂತ ಗಂಡನನ್ನು ನೋಡಿದಳು, ನೇರ ಹೊಲಿಗೆಯ ಕೋಣೆಗೆ ಹೋದಳು. ಅವನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತ.

"ಇದು ನನ್ನ ಕೈಬರಹ ಅಲ್ಲ" ಎಂದಳು.

"ಅಳಿಸಿಹೋಯ್ತು. ಅಲ್ಲ, ಅಳಿಸಿಬಿಟ್ಟೆ. ಮೊದಲು ಗೊತ್ತಾಗದೆ. ಆಮೇಲೆ ಗೊತ್ತಿದ್ದೂ." ಬಳಪ ಮೆತ್ತಿದ ಕೈಯನ್ನು ಬನಿಯನ್ನಿಗೆ ಒರೆಸಿಕೊಂಡ. "ನೀನು ಬರ್ಕೊಂಡು ಹೋಗಬಾರದು ಅಂತ ಇರಬೇಕು. ಆಮೇಲೆ ತಪ್ಪು ಅನ್ನಿಸ್ತು, ನೆನಪು ಮಾಡ್ಕೊಂಡು ಬರೆದೆ. ಮೂರು ಬರಲಿಲ್ಲ. ಅವತ್ತು ಯಜಮಾನರ ಮುಂದೆ ಆಡಿದ್ದೂ ಹಾಗೇ, ಗೊತ್ತಿದ್ದೇ ಆಡಿದ್ದು."

ಅವಳು ಅವನ ಕಡೆ ತಿರುಗಲಿಲ್ಲ. ಚೀಲ ಇಳಿಸಿ, ನೋಟ್‌ಬುಕ್ಕನ್ನು ಸ್ಟೂಲಿನ ಮೇಲಿಟ್ಟು, ಗೋಡೆಯ ಹತ್ತಿರ ಹೋಗಿ, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡತೊಡಗಿದಳು, ತುಟಿ ಅಲುಗುತ್ತಿತ್ತು. ಅವನು ಇಪ್ಪತ್ತಾರು ವರ್ಷ ಜನರ ಪುಟ ತಿದ್ದಿದವನು, ತನ್ನದೊಂದು ಪುಟವನ್ನು ಬೇರೆಯವರು ತಿದ್ದುವುದನ್ನು ನಿಂತು ನೋಡುತ್ತಿದ್ದದ್ದು ಇದೇ ಮೊದಲು. ಎರಡು ಸಾಲು, ನಾಲ್ಕು, ಹತ್ತು. ಬೆರಳು ಎಲ್ಲೂ ನಿಲ್ಲಲಿಲ್ಲ. ಆಮೇಲೆ ಅವಳು ಥಟ್ಟನೆ ಗೋಡೆಗೆ ಬೆನ್ನು ಹಾಕಿ ನಿಂತು ಕೇಳಿದಳು.

"ಲೈಬ್ರರಿ ಮೇಡಂ, ಬಲತೋಳು?"

"ಇಪ್ಪತ್ತೆರಡು. ಎಡದ್ದು ಇಪ್ಪತ್ತೆರಡೂವರೆ."

"ತುತ್ತೂರಿಯವನು?"

"ಒಳಗೆ ನಲವತ್ತು, ಹೊರಗೆ ಮೂವತ್ತೇಳು."

"ಎರಡನೇ ಜಗಳಗಂಟಿ, ಸೊಂಟ?"

"ಮೂವತ್ತಮೂರು ಅಂತ ಬರೀಬೇಕು, ಮೂವತ್ತೊಂದು ಅಂತ ಅವಳಿಗೆ ಹೇಳಬೇಕು."

ಅವಳ ಬಾಯಿಂದ ನಗು ಸಿಡಿದೇ ಹೋಯಿತು, ತಡೆಯಲು ನೋಡಿದಳು, ಆಗಲಿಲ್ಲ. "ರೀ, ನಾಚಿಕೆ ಆಗಲ್ವಾ ನಿಮಗೆ? ಊರ ಹೆಂಗಸರ ಸೊಂಟ ಎಲ್ಲಾ ಬಾಯಿಪಾಠ!" ಅವನಿಗೆ ಎದೆ ಹಾರುತ್ತಿತ್ತು, ಕೇಳು, ಇನ್ನೂ ಕೇಳು, ಸಂಜೆಯವರೆಗೆ ಕೇಳು! ಅವಳು ಕೇಳಿದಳು, ಒಂದರ ಮೇಲೊಂದು, ಬೇಗಬೇಗ. ಅವನು ಹೇಳಿದ, ಇಬ್ಬರೂ ಏದುಸಿರು ಬಿಡುವಂತಾಯಿತು.

"ನಂದು?" ಎಂದಳು.

ಇಡೀ ಗೋಡೆಯನ್ನು ಕಣ್ಣೊಳಗೆ ಒಮ್ಮೆ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ನೋಡಿದ. ಇರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಇರಲಿಲ್ಲ, ಇಲ್ಲವೆಂಬುದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಗೊತ್ತಿಲ್ಲ" ಎಂದ.

"ನನಗೂ ಗೊತ್ತಿಲ್ಲ. ನಮ್ಮ ಅಳತೆ ನಾವೇ ತಗೊಳ್ಳೋಕಾಗಲ್ಲ. ಹಿಂದಕ್ಕೆ ಕೈ ಎತ್ತಿದ್ರೆ ಭುಜ ಬದಲಾಗಿಹೋಗುತ್ತೆ. ಇಷ್ಟು ದಿನ ನಾನು ಹಾಕ್ಕೊಂಡಿದ್ದೆಲ್ಲಾ ಅಂದಾಜಿನ ಮೇಲೆ ಹೊಲ್ಕೊಂಡಿದ್ದು."

ಚೀಲದಿಂದ ಟೇಪು ತೆಗೆದು ಅವನ ಕೈಗಿಟ್ಟಳು. ಕೈ ಎರಡೂ ಬದಿಗೆ ಚಾಚಿ ನಿಂತಳು. ಅವನು ಟೇಪನ್ನು ಎದೆಯ ಸುತ್ತ ತಂದ, ತಿರುಚಿಕೊಂಡಿತು, ಬಿಡಿಸಿ ಮತ್ತೆ ತಂದ. "ಬಿಗಿ ಹಿಡೀಬೇಡಿ" ಎಂದಳು, "ಉಸಿರಾಡೋಕೆ ಒಂದು ಬೆರಳು ಜಾಗ ಬಿಡಿ." ಬಿಟ್ಟ. ಮೂವತ್ತೇಳೂವರೆ. ಇನ್ನೊಂದು ಸಲ ನೋಡಿದ, ಮೂವತ್ತೇಳೂವರೆಯೇ.

"ಎಲ್ಲಿ ಬರೀಲಿ?" ಎಂದು ಕೇಳಿದ. ಕೇಳುವಾಗ ಸ್ಟೂಲಿನ ಮೇಲಿದ್ದ ಹೊಸ ನೋಟ್‌ಬುಕ್ಕಿನ ಕಡೆ ನೋಡಬಾರದೆಂದುಕೊಂಡರೂ ಕಣ್ಣು ಅಲ್ಲಿಗೇ ಹೋಯಿತು.

ಅವಳೂ ನೋಟ್‌ಬುಕ್ಕಿನ ಕಡೆ ನೋಡಿದಳು. ಕೆಳಗೆ ನರ್ಸಮ್ಮನ ರೇಡಿಯೋ ಕೇಳಿಸುತ್ತಿತ್ತು.

"ಗೋಡೆ ಮೇಲೆ ಬರೀರಿ" ಎಂದಳು. "ಸದ್ಯಕ್ಕೆ."

ಬರೆದ. ಬಳಪ ಎರಡು ಸಲ ಮುರಿಯಿತು. ಅವಳು ತಿರುಗಿ ಬೆನ್ನು ಕೊಟ್ಟು ನಿಂತು ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು. ಅವನು ಟೇಪಿನ ತುದಿ ಹಿಡಿದು, ಎಲ್ಲಿಂದ ಇಡಬೇಕೆಂದು ತಿಳಿಯದೆ, ಭುಜ ಎಲ್ಲಿ ಶುರುವಾಗುತ್ತದೆ ಎಂದು ಕೇಳಿದ.

"ಹುಡುಕಿ" ಎಂದಳು.